ತಲೆಯ ಮೇಲಿನ ಗಂಟು: ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದವರ ಕಥೆ



ವೈದ್ಯರಾದ ನಮ್ಮನ್ನು ಕನ್ನಡ ಕೂಟಗಳು ಸಾಮಾನ್ಯವಾಗಿ ಕರೆಯುವುದು ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವುಗಳ ಬಗೆಗೆ ಎಚ್ಚರಿಕೆ ಹೇಳಿಸುವುದಕ್ಕೆ. ಭಾಷಣ ಮುಗಿದ ಮೇಲೆ ಹೋಳಿಗೆ ಬಡಿಸುವುದು ಬೇರೆಯ ಮಾತು. ಈ ಸಲ ಸಾಹಿತ್ಯ ಚರಿತ್ರೆಯ ಯಾವುದಾದರೊಂದು ವಿಷಯವನ್ನು ಆರಿಸಿಕೊಳ್ಳಿ ಎಂದು ಕಾರ್ಯಕಾರಿ ಸಮಿತಿಯವರು ಸೂಚಿಸಿದಾಗ ನಮಗೆ ಥಟ್ಟನೆ ಹೊಳೆದದ್ದು ಹೊಸ ಲೇಖಕರ ಪಾಡು. ಅದರಲ್ಲಿಯೂ ತನ್ನ ಕೃತಿಯನ್ನು ತಾನೇ ಹಣ ಹಾಕಿ ಅಚ್ಚು ಮಾಡಿಸಿ, ತಾನೇ ಹೊತ್ತು, ತಾನೇ ಮಾರಬೇಕಾದವರ ಪಾಡು.

ಈ ವಿಷಯ ಹೊಳೆಯಲು ಕಾರಣವಿದೆ. ನಮ್ಮ ತಲೆಮಾರಿನವರು ಸೂಟ್‌ಕೇಸುಗಳನ್ನು ಹಿಡಿದು ಈ ದೇಶಕ್ಕೆ ಬಂದು, ರೆಸಿಡೆನ್ಸಿ ಮುಗಿಸಿ, ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಈಗ ಲೇಖನಿ ಹಿಡಿದಿದ್ದಾರೆ. ಒಬ್ಬರು ಬಾಲ್ಯದ ನೆನಪುಗಳನ್ನು ಬರೆದರೆ ಇನ್ನೊಬ್ಬರು ಕವಿತೆ ಬರೆಯುತ್ತಾರೆ. ಬೆಂಗಳೂರಿನ ಯಾವುದೋ ಮುದ್ರಣಾಲಯದಲ್ಲಿ ಐನೂರು ಪ್ರತಿ ಅಚ್ಚಾಗುತ್ತದೆ. ಆಮೇಲೆ ಯಾರಾದರೂ ‘ಪ್ರಕಾಶಕರು ಯಾರು?’ ಎಂದು ಕೇಳಿದರೆ, ‘ನಮ್ಮದೇ, ಸ್ವಂತ ಖರ್ಚು’ ಎಂದು ದನಿ ತಗ್ಗಿಸಿ ಹೇಳುವುದನ್ನು ನಾವು ಎಷ್ಟೋ ಸಮಾರಂಭಗಳಲ್ಲಿ ಕೇಳಿದ್ದೇವೆ. ಈ ಸಂಕೋಚಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹೊಸಗನ್ನಡದ ಗದ್ಯ, ಅದರಲ್ಲಿಯೂ ಕಾದಂಬರಿ, ಬೆಳೆದು ಬಂದ ದಾರಿಯ ಬಹುಭಾಗ ಈ ಸ್ವಂತ ಖರ್ಚಿನ ದಾರಿಯೇ.

ಹಿಂದಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅಚ್ಚುಯಂತ್ರ ಬರುವ ಮುನ್ನ ಕವಿಗೆ ಆಶ್ರಯ ಅರಮನೆಯದು ಅಥವಾ ಮಠದ್ದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು, ಎರಡು ವರ್ಷ ಕಳೆದು ‘ಮಂಗಳೂರು ಸಮಾಚಾರ’ ಹೊರಬಂದಿತು. ಆ ಕಾಲದಲ್ಲಿ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಧರ್ಮಗ್ರಂಥ, ಶಾಲೆಯ ಪಠ್ಯಪುಸ್ತಕ, ಹಳೆಯ ಕಾವ್ಯ. ಈ ಮೂರಕ್ಕೂ ಕೊಳ್ಳುವವರು ಇದ್ದರು. ಯಾರೂ ಕೇಳದ, ಯಾರೂ ಹಿಂದೆ ಕಂಡಿರದ ಹೊಸ ಬರವಣಿಗೆಗೆ ಹಣ ಹಾಕುವವರು ಯಾರು? ಇಂದು ನಾವು ಯಾವ ಅರ್ಥದಲ್ಲಿ ‘ಪ್ರಕಾಶಕ’ ಎನ್ನುತ್ತೇವೆಯೋ ಅಂಥ ವ್ಯಕ್ತಿ ಇನ್ನೂ ಅಪರೂಪವಾಗಿದ್ದ ಕಾಲವದು.

ಅಂಥ ಕಾಲದಲ್ಲಿ ಹೊಸ ಲೇಖಕನಿಗೆ ಇದ್ದ ಒಂದು ಉಪಾಯ ಮರೆಯಲ್ಲಿ ನಿಲ್ಲುವುದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಾಯಣಪ್ಪನವರು, ಎಂದರೆ ನಮ್ಮ ಮುದ್ದಣ, ಹಾಗೆ ಮಾಡಿದರು. ತಾವು ಬರೆದ ಕಾವ್ಯವನ್ನು ಎಲ್ಲಿಯೋ ದೊರೆತ ಹಳೆಯ ಕೃತಿಯೆಂಬಂತೆ ಮೈಸೂರಿನ ಪ್ರಾಚೀನ ಗ್ರಂಥಗಳ ಪ್ರಕಟಣೆಗೆ ಕಳುಹಿಸಿದರು. ಹಳೆಯದೆಂದರೆ ಅಚ್ಚಾದೀತು, ಹೊಸಬನದೆಂದರೆ ಯಾರು ತಿರುಗಿ ನೋಡಿಯಾರು! 1901ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೊಂದು ಮಾತ್ರ. ಕ್ಷಯರೋಗ. ಆ ರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದು ನಾವು ಈಗ ಕುಳಿತಿರುವ ಈ ನ್ಯೂ ಜೆರ್ಸಿಯ ರಟ್‌ಗರ್ಸ್ ಪ್ರಯೋಗಶಾಲೆಯಲ್ಲಿ. ವೈದ್ಯರಿಗೆ ಇಂಥ ಲೆಕ್ಕ ಹಾಕುವ ಚಾಳಿ ಹೋಗುವುದಿಲ್ಲ, ಕ್ಷಮಿಸಬೇಕು. ‘ಶ್ರೀರಾಮಾಶ್ವಮೇಧ’ದ ಮುದ್ದಣ ಮನೋರಮೆಯರ ಸಲ್ಲಾಪವನ್ನು ಮೆಚ್ಚಿದ ಓದುಗರು ಆ ಮುದ್ದಣನೆಂದರೆ ಉಡುಪಿಯ ಮೇಷ್ಟರೆಂದು ಅರಿಯುವ ಹೊತ್ತಿಗೆ ಮೇಷ್ಟರು ಇರಲಿಲ್ಲ.

ಮುದ್ದಣನಿಗಿಂತ ಒಂದೇ ವರ್ಷ ಹಿರಿಯರು ಇನ್ನೊಬ್ಬ ಶಿಕ್ಷಕರು. ಅವರು ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ವರದಾ ತುಂಗಭದ್ರೆಯರು ಕೂಡುವ ಗಳಗನಾಥ ಎಂಬ ಗ್ರಾಮ ಇಂದಿನ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಆಗ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದು ಬಲ್ಲ ಮನೆಗಳಲ್ಲಿ ಮರಾಠಿ ಪುಸ್ತಕಗಳು, ಮರಾಠಿ ನಾಟಕಗಳು, ಮರಾಠಿ ಪತ್ರಿಕೆಗಳು. ಕನ್ನಡಿಗನೇ ಕನ್ನಡವನ್ನು ಅಡಿಗೆಮನೆಯ ಭಾಷೆಯೆಂದು ಭಾವಿಸಿದ್ದ ಕಾಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು ಈ ಸ್ಥಿತಿಯನ್ನು ತಿದ್ದುವುದಕ್ಕಾಗಿಯೇ. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಆ ಸಂಘದ ಬಹುಮಾನ ಬಂದಿತು.

ಬಹುಮಾನ ಬಂದ ಮಾತ್ರಕ್ಕೆ ಓದುಗರು ಬರುವುದಿಲ್ಲ ಎಂಬುದು ಇಂದಿನ ಲೇಖಕರಿಗೂ ಗೊತ್ತಿರುವ ಸಂಗತಿ. ಗಳಗನಾಥರು ಎರಡು ಕೆಲಸ ಮಾಡಿದರು. ಅಗಡಿಯ ಆನಂದವನದಿಂದ 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಕಥೆ ಕಾದಂಬರಿಗಳನ್ನು ಚಂದಾದಾರರ ಮನೆಗೆ ಮುಟ್ಟಿಸಿದರು. ತಿಂಗಳು ತಿಂಗಳೂ ಒಂದು ಭಾಗ, ಮುಂದೇನಾಯಿತೆಂಬ ಕುತೂಹಲ, ಅಂಚೆಯವನ ದಾರಿ ಕಾಯುವ ಮನೆಮಂದಿ. ಹೀಗೆ ಓದುವ ರೂಢಿಯನ್ನೇ ಮೊದಲು ಬೆಳೆಸಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮರಾಠಿ ಓದುವವನಿಗೆ ಅದೇ ರುಚಿಯನ್ನು ಕನ್ನಡದಲ್ಲಿ ಉಣಿಸಿದ ಜಾಣ್ಮೆ ಅದು. ಬಳಿಕ ವಿಜಯನಗರದ ಸ್ಥಾಪನೆಯ ಕಾಲವನ್ನು ಕುರಿತ ‘ಮಾಧವ ಕರುಣಾ ವಿಲಾಸ’ದಂಥ ಕೃತಿಯಲ್ಲಿ ಕನ್ನಡಿಗರ ಚರಿತ್ರೆಯನ್ನೇ ಕಾದಂಬರಿಯಾಗಿಸಿದರು.

ಎರಡನೆಯ ಕೆಲಸ ಹೆಚ್ಚು ಕಠಿಣವಾದದ್ದು. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರಿಂದೂರಿಗೆ ನಡೆದು ಮನೆಮನೆಗೆ ಹೋಗಿ ಮಾರಿದರು. ಕನ್ನಡ ನಾಡಿನಲ್ಲಿ ಗಳಗನಾಥರೆಂದರೆ ಇಂದಿಗೂ ಕಣ್ಣಿಗೆ ಕಟ್ಟುವ ಚಿತ್ರ ಇದೇ. ಇದನ್ನು ತ್ಯಾಗವೆಂದು ಕೊಂಡಾಡಿ ಮುಂದೆ ಹೋಗುವುದು ಸುಲಭ. ನಾವಾದರೋ ಇದನ್ನು ಸ್ವಲ್ಪ ನಿಂತು ನೋಡಬೇಕೆನ್ನುತ್ತೇವೆ. ಕುಲಕರ್ಣಿ ಮನೆತನದವರು, ನಾಲ್ಕು ಜನ ‘ಮಾಸ್ತರರೇ’ ಎಂದು ಗೌರವಿಸುವಂಥವರು, ಹಳ್ಳಿಯ ಅಗಸೆಯಲ್ಲಿ ತಲೆಯ ಮೇಲೆ ಹೊರೆ ಹೊತ್ತು ಬಂದರೆ ಅಂದಿನ ಸಮಾಜ ಏನೆಂದುಕೊಂಡಿರಬೇಕು? ಬಟ್ಟೆ ಮಾರುವವನು, ಬಳೆ ಮಾರುವವನು ಮನೆಯ ಮುಂದೆ ನಿಂತರೆ ಜನಕ್ಕೆ ಏನು ಮಾಡಬೇಕೆಂದು ಗೊತ್ತಿತ್ತು. ಕಥೆ ಮಾರುವವರು ಬಂದು ನಿಂತರೆ? ಆದರೆ ಆ ಅಂಗಳಗಳಲ್ಲಿ ಅವರಿಗೆ ದೊರೆತದ್ದು ಬರಿಯ ದುಡ್ಡಲ್ಲ. ಯಾವ ಪುಸ್ತಕವನ್ನು ಹೆಂಗಸರು ಕೇಳುತ್ತಾರೆ, ಯಾವುದನ್ನು ಮುದುಕರು ಮುಟ್ಟಿ ಕೆಳಗಿಡುತ್ತಾರೆ ಎಂಬುದು ಹೊತ್ತು ಮಾರಿದವನಿಗೆ ಮಾತ್ರ ತಿಳಿಯುತ್ತದೆ. ಹೊರರೋಗಿ ವಿಭಾಗದಲ್ಲಿ ಕುಳಿತ ವೈದ್ಯನಿಗೆ ದಿನವೂ ಆಗುವ ತಿಳಿವಳಿಕೆಯಂಥದು ಅದು, ಗ್ರಂಥದಲ್ಲಿ ದೊರೆಯುವುದಿಲ್ಲ. 1942ರಲ್ಲಿ ಗಳಗನಾಥರು ತೀರಿಕೊಂಡರು. ಕನ್ನಡಿಗರು ಅವರನ್ನು ಕಾದಂಬರಿಯ ಪಿತಾಮಹರೆಂದು ಕರೆಯುತ್ತಾರೆ. ಕಾದಂಬರಿ ಮಾರಾಟದ ಪಿತಾಮಹರೆಂದೂ ಕರೆಯಬೇಕಾಗಿತ್ತು.

ಹೊರೆ ಹೊತ್ತು ಊರೂರು ತಿರುಗುವುದು ಗಂಡಸಿಗೆ ಸಾಧ್ಯವಾಯಿತು. ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ವಿಧವೆಗೆ? ನಮ್ಮ ಇಂದಿನ ಮಾತಿನ ಹೃದಯಭಾಗ ಇಲ್ಲಿದೆ.

ನಂಜನಗೂಡು ತಿರುಮಲಾಂಬ ಅವರು ಹುಟ್ಟಿದ್ದು 1887ರಲ್ಲಿ. ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಮಗಳನ್ನು ಕತ್ತಲೆಯ ಕೋಣೆಗೆ ತಳ್ಳದೆ ಅವಳ ಕೈಗೆ ಪುಸ್ತಕ ಕೊಟ್ಟ ಅಪರೂಪದ ತಂದೆ. ತಿರುಮಲಾಂಬ ಓದಿದರು, ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು, ಬರೆದರು. 1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ, ಅದರಲ್ಲಿ ತಮ್ಮ ಕಾದಂಬರಿ ‘ಸುಶೀಲೆ’ಯನ್ನು ಹೊರತಂದರು. ಇಪ್ಪತ್ತಾರು ವರ್ಷದ, ಸಮಾಜ ‘ಅಪಶಕುನ’ವೆಂದು ಮುಖ ತಿರುಗಿಸುತ್ತಿದ್ದ ಹೆಣ್ಣುಮಗಳು ಲೇಖಕಿಯಾದಳು, ಪ್ರಕಾಶಕಿಯಾದಳು, ಕೆಲವು ವರ್ಷಗಳಲ್ಲಿ ಪತ್ರಿಕಾ ಸಂಪಾದಕಿಯೂ ಆದಳು. ಮಹಿಳೆಯರಿಗಾಗಿ ‘ಕರ್ನಾಟಕ ನಂದಿನಿ’, ಆ ಮೇಲೆ ‘ಸನ್ಮಾರ್ಗದರ್ಶಿನಿ’. ಹೊಸಗನ್ನಡದಲ್ಲಿ ಈ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿದ ಮೊದಲ ಮಹಿಳೆ ಅವರೇ.

‘ಸುಶೀಲೆ’ ಒಂದು ಮುದ್ರಣಕ್ಕೆ ನಿಲ್ಲಲಿಲ್ಲ, ಮತ್ತೆ ಮತ್ತೆ ಅಚ್ಚಾಯಿತು. ‘ಮಾತೃನಂದಿನಿ’ಗೆ ಬಹುಮಾನ ಬಂದಿತು. ಕಾದಂಬರಿ, ನಾಟಕ, ಪತ್ತೇದಾರಿ ಕಥೆ, ಹೀಗೆ ಅವರ ಕೈ ಆಡದ ಪ್ರಕಾರ ಕಡಿಮೆ. ಇದು ಹೇಗೆ ಸಾಧ್ಯವಾಯಿತು? ನಮ್ಮ ಉತ್ತರ ಇಷ್ಟು. ತಿರುಮಲಾಂಬ ಅವರು ಯಾರಿಗಾಗಿ ಬರೆಯುತ್ತಿದ್ದೇನೆಂಬುದನ್ನು ಸ್ಪಷ್ಟವಾಗಿ ಬಲ್ಲವರಾಗಿದ್ದರು. ಆಗತಾನೆ ಅಕ್ಷರ ಕಲಿಯುತ್ತಿದ್ದ, ಮಧ್ಯಾಹ್ನದ ಎರಡು ಗಂಟೆಯ ಬಿಡುವಿನಲ್ಲಿ ಪುಸ್ತಕ ಹಿಡಿಯುತ್ತಿದ್ದ ಗೃಹಿಣಿಯರು ಅವರ ಓದುಗರು. ಆ ಓದುಗರು ಅಂಗಡಿಗೆ ಬರುವವರಲ್ಲ. ಪುಸ್ತಕವೇ ಅವರ ಮನೆಗೆ ಹೋಗಬೇಕು. ಗ್ರಂಥಮಾಲೆ ಮತ್ತು ಪತ್ರಿಕೆ ಎರಡೂ ಆ ಕೆಲಸಕ್ಕೆ ಒದಗಿದವು. ಗಳಗನಾಥರ ತಲೆಯ ಮೇಲಿನ ಗಂಟನ್ನು ಇಲ್ಲಿ ಅಂಚೆಯ ಚೀಲ ಹೊತ್ತಿತು.

ಆದರೆ ಏರಿದ್ದು ಇಳಿಯಿತು. ಹೊಸ ತಲೆಮಾರಿನ ನವೋದಯ ಲೇಖಕರು ಬಂದರು. ಅವರ ಅಳತೆಗೋಲುಗಳು ಬೇರೆ. ತಿರುಮಲಾಂಬ ಅವರ ಪತಿವ್ರತಾ ಧರ್ಮದ ಕಥೆಗಳು, ಗ್ರಾಂಥಿಕ ಶೈಲಿ ಹಳತೆನಿಸತೊಡಗಿದವು, ವಿಮರ್ಶೆ ಕಟುವಾಯಿತು. ಆ ವಿಮರ್ಶೆಯಲ್ಲಿ ಸತ್ಯವಿರಲಿಲ್ಲವೆಂದು ನಾವು ಹೇಳುವುದಿಲ್ಲ. ‘ಸುಶೀಲೆ’ಯನ್ನು ಇಂದು ಓದುವವರಿಗೆ ಅದರ ಉಪದೇಶ ಭಾರವೆನಿಸುವುದು ಸಹಜ. ಆದರೆ ತೂಗಿದವರು ಕೃತಿಯನ್ನು ಮಾತ್ರ ತೂಗಿದರು. ಆ ಕೃತಿಯನ್ನು ಅಚ್ಚುಮನೆಯಿಂದ ಅಡಿಗೆಮನೆಯವರೆಗೆ ಒಯ್ದ ಕೆಲಸವನ್ನು ತಕ್ಕಡಿಗೆ ಹಾಕಲೇ ಇಲ್ಲ. ಅವರ ಪತ್ರಿಕೆಗಳು ನಿಂತವು, ಗ್ರಂಥಮಾಲೆ ನಿಂತಿತು, ಲೇಖನಿಯೂ ನಿಂತಿತು. ಮದರಾಸಿನಲ್ಲಿ ಅವರು ದಶಕಗಳ ಕಾಲ ಕನ್ನಡಿಗರ ಕಣ್ಣಿನಿಂದ ದೂರವಾಗಿ ಬದುಕಿದರು. ವೃದ್ಧಾಪ್ಯದಲ್ಲಿ ಚಿ. ನ. ಮಂಗಳಾ ಅವರಂಥ ವಿದುಷಿ ಹುಡುಕಿಕೊಂಡು ಹೋಗಿ ಬರೆದ ಮೇಲೆ ಕನ್ನಡ ಲೋಕಕ್ಕೆ ಅವರ ನೆನಪು ಮರಳಿತು. 1982ರಲ್ಲಿ ತೊಂಬತ್ತೈದು ತುಂಬಿದ ಮೇಲೆ ತೀರಿಕೊಂಡರು. ಬರೆದು ಪ್ರಕಟಿಸಿದ ವರ್ಷಗಳಿಗಿಂತ ಮೌನವಾಗಿದ್ದ ವರ್ಷಗಳೇ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಪ್ರಕಾಶನ ಸಂಸ್ಥೆಯ ಪುಸ್ತಕವಾದರೆ ಲೇಖಕಿ ಸುಮ್ಮನಾದರೂ ಸಂಸ್ಥೆ ಅದನ್ನು ಮರುಮುದ್ರಿಸುತ್ತದೆ, ಅಂಗಡಿಯಲ್ಲಿಡುತ್ತದೆ. ತಾನೇ ಪ್ರಕಾಶಕಿಯಾದವಳು ಸೋತು ಕುಳಿತರೆ ಪುಸ್ತಕವೂ ಅವಳೊಡನೆ ಕುಳಿತುಬಿಡುತ್ತದೆ. ಈ ದಾರಿಯ ಬಹು ದೊಡ್ಡ ಅಪಾಯ ಇದು ಎಂದು ನಮಗೆ ತೋರುತ್ತದೆ. ಅಚ್ಚಿನ ಖರ್ಚು ಅದರ ಮುಂದೆ ಸಣ್ಣದು.

ಕೋಟ ಶಿವರಾಮ ಕಾರಂತರ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇವೆ. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಚಿತ್ರಸಹಿತ ‘ಬಾಲ ಪ್ರಪಂಚ’ವನ್ನು ಹೊರತಂದ ಈ ಸಾಹಸಿ ಸಾಲವನ್ನೂ ಹೊತ್ತರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು, ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. 1977ರಲ್ಲಿ ಜ್ಞಾನಪೀಠ ಬಂದಿತು. ಇಂಥ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಆದ್ದರಿಂದ ಕಾರಂತರನ್ನು ಹೊಸಬರಿಗೆ ಉದಾಹರಣೆಯಾಗಿ ಕೊಡಲು ನಮಗೆ ಮನಸ್ಸಿಲ್ಲ. ಹೆಚ್ಚು ಉಪಯುಕ್ತವಾದ ಉದಾಹರಣೆ 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ. ಚಂದಾದಾರರಿಂದ ಮೊದಲೇ ಹಣ ಕೂಡಿಸಿ ವರ್ಷಕ್ಕೆ ಇಷ್ಟು ಪುಸ್ತಕ ಎಂದು ಕೊಡುವ ಪದ್ಧತಿ ಅದು. ಗಳಗನಾಥರು, ತಿರುಮಲಾಂಬ ಅವರು ಒಂಟಿಯಾಗಿ ಮಾಡಿದ್ದನ್ನು ಜೋಶಿಯವರು ಹಲವು ಲೇಖಕರಿಗಾಗಿ ಮಾಡಿದರು, ಸ್ವತಃ ನಾಟಕಕಾರರಾಗಿದ್ದವರು. ಆ ಗ್ರಂಥಮಾಲೆ ಅವರ ಕಾಲಾನಂತರವೂ ಉಳಿಯಿತು.

ಈಗ ನಾವು ವಲಸೆ ಬಂದು ನೆಲಸಿದ ಈ ದೇಶದ ಕಡೆಗೆ ತಿರುಗೋಣ. ಇಲ್ಲಿ ಪ್ರಕಾಶನ ಉದ್ಯಮ ಬಲವಾಗಿದ್ದರಿಂದ ಲೇಖಕರಿಗೆ ಇಂಥ ಪಾಡು ಇರಲಿಲ್ಲವೆಂದು ಭಾವಿಸುವವರಿದ್ದಾರೆ. 1855ರಲ್ಲಿ ವಾಲ್ಟ್ ವ್ಹಿಟ್‌ಮನ್ ‘ಲೀವ್ಸ್ ಆಫ್ ಗ್ರಾಸ್’ ಕವನಸಂಗ್ರಹವನ್ನು ಬ್ರೂಕ್ಲಿನ್ನಿನ ಸಣ್ಣ ಮುದ್ರಣಾಲಯವೊಂದರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ. 795 ಪ್ರತಿಗಳು. ಕೆಲವು ಪುಟಗಳಿಗೆ ತಾನೇ ಅಚ್ಚುಮೊಳೆ ಜೋಡಿಸಿದ. ಮಾರಾಟವಾದದ್ದು ಅತಿ ಸ್ವಲ್ಪ. ಬೇರೆಯವರು ಹೊಗಳಲಿಲ್ಲವೆಂದು ಹೆಸರು ಹಾಕದೆ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದು ಪತ್ರಿಕೆಗಳಲ್ಲಿ ಪ್ರಕಟಿಸಿದ! ಎಮರ್ಸನ್ ಮೆಚ್ಚಿ ಬರೆದ ಖಾಸಗಿ ಪತ್ರದ ಒಂದು ಮಾತನ್ನು ಮರುವರ್ಷ ಎರಡನೆಯ ಆವೃತ್ತಿಯ ಬೆನ್ನಿನ ಮೇಲೆ, ಬರೆದವರ ಅನುಮತಿ ಕೇಳದೆ, ಚಿನ್ನದ ಅಕ್ಷರಗಳಲ್ಲಿ ಒತ್ತಿಸಿದ. ಇದನ್ನು ನಾವು ಅನುಕರಣೀಯವೆನ್ನುತ್ತಿಲ್ಲ. ಮಹಾಕವಿಗೂ ಮಾರಾಟದ ಚಿಂತೆ ಬಿಡಲಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರದವರು ಇನ್ನೊಬ್ಬರು, ಏಕೆಂದರೆ ಅವರು ವೈದ್ಯರು, ಮೇಲಾಗಿ ನಮ್ಮ ನೆರೆಯವರು. ಈ ರಾಜ್ಯದ ರುದರ್‌ಫರ್ಡ್ ಊರಿನ ಡಾ. ವಿಲಿಯಂ ಕಾರ್ಲೋಸ್ ವಿಲಿಯಮ್ಸ್. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ವೈದ್ಯ ಪದವಿ, ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ತರಬೇತಿ. 1909ರಲ್ಲಿ ತಮ್ಮ ಮೊದಲ ಕವನಸಂಗ್ರಹವನ್ನು ಊರಿನ ಮುದ್ರಕರೊಬ್ಬರಿಂದ ಅಚ್ಚು ಹಾಕಿಸಿದರು. ಮೊದಲ ಸಲ ಅಚ್ಚಿನ ದೋಷಗಳು ಎಷ್ಟಿದ್ದುವೆಂದರೆ ಅದನ್ನು ತಿದ್ದಿ ಮತ್ತೆ ಅಚ್ಚು ಮಾಡಬೇಕಾಯಿತು. ನೂರು ಪ್ರತಿ, ಬೆಲೆ 25 ಸೆಂಟ್. ಊರಿನ ಕಾಗದದ ಅಂಗಡಿಯಲ್ಲಿ ನಾಲ್ಕು ಪ್ರತಿ ಮಾರಾಟವಾದವು. ಉಳಿದ ಪ್ರತಿಗಳನ್ನು ಮುದ್ರಕರು ಕಟ್ಟಿ ಕೋಳಿಮನೆಯೊಂದರಲ್ಲಿ ಇಟ್ಟಿದ್ದರು. ಕೆಲ ವರ್ಷಗಳ ಮೇಲೆ ಆ ಕೋಳಿಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋದವು. ಡಾಕ್ಟರರು ವೈದ್ಯವೃತ್ತಿ ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ನಾಲ್ಕು ದಶಕಗಳ ಕಾಲ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿ, ಮಕ್ಕಳ ಗಂಟಲು ನೋಡಿ, ನಡುವೆ ಕವಿತೆ ಬರೆದರು. 1963ರ ಮಾರ್ಚಿಯಲ್ಲಿ ಅವರು ತೀರಿಕೊಂಡ ಕೆಲವೇ ವಾರಗಳಲ್ಲಿ ಪುಲಿಟ್ಜರ್ ಪ್ರಶಸ್ತಿ ಘೋಷಣೆಯಾಯಿತು.

ಇನ್ನು ನಮ್ಮ ಪಾಡು. ಅಚ್ಚು ಮಾಡಿಸುವುದು ಇಂದು ಕಷ್ಟವಲ್ಲ. ಈ ದೇಶದಲ್ಲಿ ನೆಲಸಿದ ಕನ್ನಡಿಗರೊಬ್ಬರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದ ಮೇಲೆ ಕನ್ನಡದ ಪುಟ ನಮ್ಮ ಮೇಜಿನ ಮೇಲೆಯೇ ಸಿದ್ಧವಾಗತೊಡಗಿತು. ಈಗ ಐವತ್ತು ಪ್ರತಿ ಬೇಕಾದರೆ ಐವತ್ತನ್ನೇ ಅಚ್ಚು ಮಾಡಿಕೊಡುವವರಿದ್ದಾರೆ. ತಾಯ್ನಾಡಿನಲ್ಲಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿ, 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರದ ನೆರವು ಎಷ್ಟೋ ಲೇಖಕರಿಗೆ ಆಸರೆಯಾಗಿವೆ. ಹೊರದೇಶದಲ್ಲಿ ಕುಳಿತು ಅವುಗಳ ಬೆನ್ನು ಹತ್ತುವುದು ನಮ್ಮಂಥವರಿಗೆ ಸುಲಭವಲ್ಲ.

ನಾವು ನಮ್ಮ ಪ್ರಬಂಧಗಳ ಪುಸ್ತಕವನ್ನು ಅಚ್ಚು ಹಾಕಿಸಿದಾಗ ಬಿಡುಗಡೆಯ ದಿನ ಹಾರ, ಶಾಲು, ಫಲತಾಂಬೂಲ ಎಲ್ಲವೂ ಆದವು. ಆ ಸಂತೋಷ ಸುಳ್ಳಲ್ಲ. ನಮ್ಮ ತಾಯಿಯವರು ಪುಸ್ತಕವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಮಾರಾಟದ ಹೊಣೆ ಹೊತ್ತ ವಿತರಕರೊಬ್ಬರು ಇನ್ನೂರು ಪ್ರತಿ ಒಯ್ದವರು ಲೆಕ್ಕ ಕೊಡಲಿಲ್ಲ, ಪ್ರತಿಗಳನ್ನೂ ಹಿಂದಿರುಗಿಸಲಿಲ್ಲ. ಉಳಿದವು ಬಂಧುಗಳ ಮನೆಯ ಮಂಚದ ಕೆಳಗೆ. ಪ್ರತಿ ಪ್ರಯಾಣದಲ್ಲಿಯೂ ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಹತ್ತು ಹದಿನೈದು ಪ್ರತಿಗಳನ್ನು ತೂಕ ನೋಡಿ ತುಂಬಿ ತರುತ್ತೇವೆ. ತಂದದ್ದನ್ನು ಏನು ಮಾಡುತ್ತೇವೆ? ‘ಆತ್ಮೀಯ ಗೌರವ ಪ್ರತಿ’ ಎಂದು ಬರೆದು ಸಹಿ ಹಾಕಿ ಕೊಟ್ಟುಬಿಡುತ್ತೇವೆ. ತೆಗೆದುಕೊಂಡವರು ಬಹಳ ವಿನಯದಿಂದ ತೆಗೆದುಕೊಳ್ಳುತ್ತಾರೆ. ಓದಿದರೋ ಇಲ್ಲವೋ ತಿಳಿಯುವುದಿಲ್ಲ, ಕೇಳುವುದು ಸೌಜನ್ಯವಲ್ಲ. ನಾಟಕಕ್ಕೆ, ಸಂಗೀತ ಸಂಜೆಗೆ ಡಾಲರು ಕೊಟ್ಟು ಟಿಕೆಟ್ ಕೊಳ್ಳುವ ನಾವೇ ಪರಿಚಿತರ ಪುಸ್ತಕಕ್ಕೆ ಬೆಲೆ ಕೇಳಿದರೆ ಸ್ನೇಹಕ್ಕೆ ಕುಂದೆಂದು ಭಾವಿಸಿದ್ದೇವೆ. ಗಳಗನಾಥರು ಹೊತ್ತು ಮಾರಿದರು, ಕೊಟ್ಟು ಬರಲಿಲ್ಲ. ತಿರುಮಲಾಂಬ ಅವರ ಓದುಗರಾದ ಗೃಹಿಣಿಯರು ಮನೆಖರ್ಚಿನಲ್ಲಿ ಉಳಿಸಿದ ಕಾಸಿನಿಂದ ಕೊಂಡರು. ಕಾಸು ಕೊಟ್ಟು ಕೊಂಡ ಪುಸ್ತಕವನ್ನು ಜನ ಓದುತ್ತಾರೆ, ಚೆನ್ನಾಗಿಲ್ಲದಿದ್ದರೆ ಬೈಯುತ್ತಾರೆ. ಹೊಸ ಲೇಖಕನಿಗೆ ಆ ಬೈಗುಳ ಶಾಲಿಗಿಂತ ಬೆಚ್ಚಗಿನದು.

ಇನ್ನೊಂದು ಮಾತನ್ನು ಲೇಖಕರಿಗೂ ಹೇಳಬೇಕು. ಸ್ವಂತ ಪ್ರಕಟಣೆಯಲ್ಲಿ ‘ಬೇಡ’ ಎನ್ನುವವರು ಇರುವುದಿಲ್ಲ. ನಮ್ಮ ಬಳಿಗೆ ಬರುವ ಎಷ್ಟೋ ಪುಸ್ತಕಗಳು ಅರ್ಧದಷ್ಟಿದ್ದರೆ ಎರಡರಷ್ಟು ಚೆನ್ನಾಗಿರುತ್ತಿದ್ದವು. ಕರಡು ತಿದ್ದುವ ಕನ್ನಡ ಮೇಷ್ಟರೊಬ್ಬರಿಗೆ ಗೌರವಧನ ಕೊಡಲು ಹಿಂಜರಿದು, ಮುಖಪುಟದ ಹೊಳಪಿಗೆ ಹಣ ಸುರಿಯುವುದನ್ನು ಕಂಡಿದ್ದೇವೆ. ಅಚ್ಚಾದ ತಪ್ಪಿಗೆ ಔಷಧವಿಲ್ಲ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ಬಿನ್ನಹ. ಮುಂಬರುವ ರಾಜ್ಯೋತ್ಸವದಂದು ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿಸಿ. ನಮ್ಮ ಕೂಟದ ಲೇಖಕರ ಪುಸ್ತಕಗಳು ಮಾತ್ರವಲ್ಲ, ಊರಿನಲ್ಲಿ ತಾವೇ ಅಚ್ಚು ಹಾಕಿಸಿ ಕುಳಿತ ಹೊಸಬರ ಪುಸ್ತಕಗಳೂ ಅಲ್ಲಿರಲಿ. ಬೇಸಿಗೆಯಲ್ಲಿ ಊರಿಗೆ ಹೋಗುವ ಪ್ರತಿ ಕುಟುಂಬವೂ ಐದೈದು ಪ್ರತಿ ತಂದರೆ ಮೇಜು ತುಂಬುತ್ತದೆ. ಪ್ರತಿಯೊಂದರ ಮೇಲೂ ಬೆಲೆಯ ಚೀಟಿ ಅಂಟಿಸಿ, ದುಡ್ಡಿನ ಡಬ್ಬಿಯ ಹತ್ತಿರ ಲೆಕ್ಕದಲ್ಲಿ ಗಟ್ಟಿಯಾದವರೊಬ್ಬರನ್ನು ಕೂರಿಸಿ. ಗೌರವ ಪ್ರತಿ ಅಲ್ಲಿ ಯಾರಿಗೂ ಇಲ್ಲ, ಭಾಷಣಕಾರರಿಗೂ ಇಲ್ಲ. ಮೊದಲ ಪುಸ್ತಕದ ಹಣವನ್ನು ನಾವು ಇಂದೇ ಖಜಾಂಚಿಯವರ ಕೈಯಲ್ಲಿಟ್ಟು ಹೋಗುತ್ತೇವೆ.